ಒಂದು ಹಾಡಿಗೆ ಒಂದು ಕೇಸ್ ಶೀಟ್: ತುಮಕೂರಿನ ವೈದ್ಯರೊಬ್ಬರ ಬ್ಯಾರಿ ಸಂಗ್ರಹದ ಪ್ರಕರಣ

ಈ ಬರಹದಲ್ಲಿ ಬರುವ ವೈದ್ಯರ ಹೆಸರು, ಹುಟ್ಟೂರು, ಬೀದಿ, ಮನೆಯವರ ಹೆಸರು ಯಾವುದನ್ನೂ ಕೊಟ್ಟಿಲ್ಲ. ಅವರೇ ಹಾಗೆ ಕೇಳಿಕೊಂಡಿದ್ದಾರೆ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಏನು ನಡೆಯಿತು, ಯಾವ ಕ್ರಮದಲ್ಲಿ ನಡೆಯಿತು, ಎಲ್ಲಿ ದಾರಿ ಬದಲಾಯಿತು ಅನ್ನುವುದು ಮಾತ್ರ ಇದ್ದ ಹಾಗೇ ಇದೆ. ಹಳೆಯ ಕ್ಯಾಸೆಟ್, ಹಳೆಯ ನೋಟ್‌ಬುಕ್ ತುಂಬಿದ ಬೀರು ಎಷ್ಟೋ ಮನೆಗಳಲ್ಲಿದೆ. ಅದನ್ನು ಏನು ಮಾಡುವುದು ಅಂತ ಗೊತ್ತಾಗದೆ ಕೂತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ತುಮಕೂರಿನಲ್ಲಿ ಕನ್ನಡ ಪಾಠ ಮಾಡಿದವನು. ಶಿರಾ, ಚಿಕ್ಕನಾಯಕನಹಳ್ಳಿ ಕಡೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪನ ಹಾಡು ರೆಕಾರ್ಡ್ ಮಾಡಿದ ಅನುಭವ ಇದೆ. ಬ್ಯಾರಿ ನನ್ನ ಭಾಷೆಯಲ್ಲ. ಡಾಕ್ಟರು ನನ್ನನ್ನು ಕರೆದದ್ದು ಭಾಷೆ ಗೊತ್ತಿದೆ ಅಂತಲ್ಲ, ಕ್ಯಾಸೆಟ್ ಗೊತ್ತಿದೆ ಅಂತ.

ಹಿನ್ನೆಲೆ

ಡಾಕ್ಟರು ದಕ್ಷಿಣ ಕನ್ನಡದ ಕಡೆಯವರು, ಘಟ್ಟದ ಬುಡದ ಒಂದು ಊರಿನವರು. ಎಂಬಿಬಿಎಸ್ ಮುಗಿಸಿ 1980ರ ದಶಕದ ಆರಂಭದಲ್ಲಿ ತುಮಕೂರಿಗೆ ಬಂದರು. ಆಮೇಲೆ ಬಿ.ಎಚ್. ರಸ್ತೆಯಿಂದ ಒಳಗೆ ಹೋಗುವ ಒಂದು ಬೀದಿಯಲ್ಲಿ ಸ್ವಂತ ಕ್ಲಿನಿಕ್ ಇಟ್ಟರು. ಗುಬ್ಬಿ, ಕೊರಟಗೆರೆ, ಮಧುಗಿರಿಯಿಂದ ಬೆಳಗಿನ ಬಸ್ಸಿಗೆ ರೋಗಿಗಳು ಬರುತ್ತಿದ್ದರು. ಅವರ ಜೊತೆ ಕನ್ನಡ. ಪಾವಗಡದವರು ಬಂದರೆ ತೆಲುಗು. ಊರಿನ ಮುಸ್ಲಿಮರ ಜೊತೆ ಉರ್ದು. ಎಲ್ಲವನ್ನೂ ರೋಗಿಗಳಿಂದಲೇ ಕಲಿತರು. ಬ್ಯಾರಿ ಆಡುವುದಕ್ಕೆ ಮಾತ್ರ ಮನೆಯಾಕೆ ಬಿಟ್ಟರೆ ಹತ್ತಿರದಲ್ಲಿ ಯಾರೂ ಇರಲಿಲ್ಲ. ಮುಸ್ಲಿಮರಾಗಿದ್ದೂ ಮನೆಯಲ್ಲಿ ಉರ್ದು ಆಡುವುದಿಲ್ಲ ಅಂದರೆ ಇಲ್ಲಿ ಜನಕ್ಕೆ ಆಶ್ಚರ್ಯ. ಅವರನ್ನು ಸುಮ್ನೆ 'ಮಂಗಳೂರು ಡಾಕ್ಟ್ರು' ಅಂತ ಕರೆದು ಮುಗಿಸುತ್ತಿದ್ದರು.

ಬ್ಯಾರಿ ಅಂದರೆ ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಕಡೆಯ ಬ್ಯಾರಿ ಮುಸ್ಲಿಮರ ಮನೆಮಾತು. ನಕ್ಕ್ ನಿಕ್ಕ್ ಅಂತಲೂ ಕರೆಯುತ್ತಾರೆ. ಮಲಯಾಳಕ್ಕೆ ಹತ್ತಿರದ್ದು, ತುಳುವಿನ ಒಡನಾಟದಲ್ಲಿ ಬೆಳೆದದ್ದು, ಅರಬ್ಬಿ ಪದಗಳು ಧಾರಾಳವಾಗಿ ಸೇರಿದ್ದು. ಮಲಯಾಳದ 'ವೇರ್' ಇಲ್ಲಿ 'ಬೇರ್' ಆಗುತ್ತದೆ, ನಮ್ಮ ಕನ್ನಡದ ಹಾಗೆ. ಹಿಂದಿನವರು ಹಾಡುಗಳನ್ನು ಅರಬಿ-ಮಲಯಾಳ ಲಿಪಿಯಲ್ಲಿ, ಅಂದರೆ ಮಲಯಾಳ ಬರೆಯಲು ಹೊಂದಿಸಿಕೊಂಡ ಅರಬ್ಬಿ ಅಕ್ಷರಗಳಲ್ಲಿ, ಬರೆದಿಡುತ್ತಿದ್ದರು. ಈಗ ಬರೆಯುವವರು ಹೆಚ್ಚಾಗಿ ಕನ್ನಡ ಲಿಪಿಯನ್ನೇ ಬಳಸುತ್ತಾರೆ.

ತುಮಕೂರಿಂದ ತಿಪಟೂರು, ಅರಸೀಕೆರೆ, ಬೇಲೂರು, ಚಾರ್ಮಾಡಿ ಘಾಟಿ ದಾಟಿ ಮಂಗಳೂರಿಗೆ ಹೋಗುವ ರಸ್ತೆ ಈಗ 73ನೇ ರಾಷ್ಟ್ರೀಯ ಹೆದ್ದಾರಿ. ಡಾಕ್ಟರಿಗೆ ಅದು ಊರಿನ ದಾರಿ. ಹಬ್ಬಕ್ಕೆ, ಮದುವೆಗೆ, ಸಾವಿಗೆ ಹೋದಾಗಲೆಲ್ಲ ಒಂದು ಕೈಚೀಲದಲ್ಲಿ ಸ್ಟೆತಸ್ಕೋಪು, ಇನ್ನೊಂದರಲ್ಲಿ ಟೇಪ್ ರೆಕಾರ್ಡರು. ಸಂಬಂಧಿಕರ ಮನೆಯ ಜಗಲಿಯಲ್ಲಿ ಕೂತು ಸುತ್ತಲಿನವರಿಗೆ ಬಿಪಿ ನೋಡುತ್ತಿದ್ದರು. ನೋಡಿ ಮುಗಿದ ಮೇಲೆ ವಯಸ್ಸಾದವರನ್ನು ಹಾಡಿ ಅಂತ ಕೇಳುತ್ತಿದ್ದರು. ಮೈಲಾಂಜಿ (ಮದರಂಗಿ) ಹಚ್ಚುವಾಗಿನ ಹಾಡು, ಮದುಮಗಳ ಸುತ್ತ ಕೂತು ಹೆಂಗಸರು ಹೇಳುವ ಒಪ್ಪನೆ, ಗಂಡಸರ ಕೋಲ್ಕಳಿ, ದಫ್ ಬಡಿದು ಹೇಳುವ ಪದಗಳು, ತೊಟ್ಟಿಲ ಹಾಡು, ಗಾದೆ, ಒಗಟು. ಬೇರೆಯವರಿಗೆ ತೆರೆಯದ ಒಳಮನೆ ಡಾಕ್ಟರಿಗೆ ತೆರೆಯುತ್ತಿತ್ತು. ಈ ಮಾತು ನೆನಪಿರಲಿ, ಮುಂದೆ ಇದರ ಮೇಲೇ ಒಂದು ದೊಡ್ಡ ತೀರ್ಮಾನ ನಿಂತಿದೆ.

ಡಾ. ಸುಶೀಲಾ ಪಿ. ಉಪಾಧ್ಯಾಯರು ಬ್ಯಾರಿ ಭಾಷೆಯ ಮೇಲೆ ಸಂಶೋಧನೆ ಮಾಡಿದ್ದು ಅವರಿಗೆ ದೊಡ್ಡ ಧೈರ್ಯ ಕೊಟ್ಟಿತ್ತು. 1998ರಲ್ಲಿ ಬಂಟ್ವಾಳದಲ್ಲಿ ಮೊದಲ ಬ್ಯಾರಿ ಸಾಹಿತ್ಯ ಸಮ್ಮೇಳನ ಆದಾಗ ಕ್ಲಿನಿಕ್ಕಿಗೆ ಬಾಗಿಲು ಹಾಕಿ ಹೋಗಿದ್ದರು. 2007ರಲ್ಲಿ ಸರ್ಕಾರ ಬ್ಯಾರಿ ಸಾಹಿತ್ಯ ಅಕಾಡೆಮಿ ಮಾಡಿತು. 2011ನೇ ಸಾಲಿನ ಅತ್ಯುತ್ತಮ ಕಥಾಚಿತ್ರದ ರಾಷ್ಟ್ರ ಪ್ರಶಸ್ತಿಯನ್ನು ಬ್ಯಾರಿ ಭಾಷೆಯ ಚಿತ್ರವೊಂದು ಹಂಚಿಕೊಂಡಿತು. ಆಗ ಕ್ಲಿನಿಕ್ಕಿನಲ್ಲಿ ರೋಗಿಗಳಿಗೆಲ್ಲ ಸಿಹಿ ಹಂಚಿದರಂತೆ. ಇಷ್ಟೆಲ್ಲ ಪ್ರೀತಿ ಇತ್ತು. ಆದರೆ ತಮ್ಮ ಬೀರುವಿನಲ್ಲಿ ಇದ್ದದ್ದನ್ನು ಯಾರಿಗೂ ಕೊಟ್ಟಿರಲಿಲ್ಲ. ಇನ್ನೂ ಮುಗಿದಿಲ್ಲ, ಪೂರ್ತಿ ಆದ ಮೇಲೆ ಕೊಡುತ್ತೇನೆ ಅನ್ನುವುದು ಅವರ ಮಾತು.

ಸಮಸ್ಯೆ

ನೂರಕ್ಕೂ ಹೆಚ್ಚು ಕ್ಯಾಸೆಟ್‌ಗಳು ಒಂದು ಕಬ್ಬಿಣದ ಬೀರುವಿನಲ್ಲಿದ್ದವು. ಮೆಡಿಕಲ್ ರೆಪ್‌ಗಳು ಹೊಸ ವರ್ಷಕ್ಕೆ ಕೊಡುವ ಡೈರಿಗಳಲ್ಲಿ ಪದಗಳು, ಅರ್ಥಗಳು. ಪ್ರಿಸ್ಕ್ರಿಪ್ಷನ್ ಚೀಟಿಗಳ ಬೆನ್ನಿಗೂ ಗಾದೆಗಳು. ಕ್ಯಾಸೆಟ್ಟಿನ ಮೇಲಿನ ಚೀಟಿಯಲ್ಲಿ 'ಕೆಂಪು ಮನೆ, ಮದುವೆ', 'ಮಳೆಗಾಲ, ಅವರ ಅಕ್ಕ' ಅನ್ನುವಂಥ ಬರಹ. ಯಾವ ಕೆಂಪು ಮನೆ? ಯಾರ ಅಕ್ಕ? ಕೇಳಿದರೆ ತಕ್ಷಣ ಹೇಳುತ್ತಿದ್ದರು. ಅವರಿಗೆ ಎಲ್ಲ ನೆನಪಿತ್ತು. ಅದೇ ತೊಂದರೆ. ಎಲ್ಲವೂ ಅವರ ನೆನಪಿನಲ್ಲಿ ಮಾತ್ರ ಇತ್ತು.

ಡೈರಿಗಳನ್ನು ವರ್ಷದ ಪ್ರಕಾರ ಜೋಡಿಸಿ ನೋಡಿದರೆ ಇನ್ನೊಂದು ವಿಷಯ ಕಾಣುತ್ತದೆ. ಅಕ್ಷರ ವರ್ಷ ವರ್ಷಕ್ಕೆ ಚಿಕ್ಕದಾಗುತ್ತಾ ಹೋಗಿದೆ. ಸಾಲಿನ ಶುರುವಿನಲ್ಲಿ ಓದುವಷ್ಟು ಇರುತ್ತದೆ, ಕೊನೆಗೆ ಬರುವಷ್ಟರಲ್ಲಿ ಇರುವೆ ಸಾಲಿನಷ್ಟು. ಕೊನೆಯ ಡೈರಿಯಲ್ಲಿ ಒತ್ತಕ್ಷರ ಯಾವುದು, ಗುಣಿತ ಯಾವುದು ಗೊತ್ತಾಗುವುದಿಲ್ಲ. ಬೇರೆ ಯಾರಾದರೂ ಇದನ್ನು ಅವಸರದ ಬರವಣಿಗೆ ಅಂದುಕೊಳ್ಳುತ್ತಿದ್ದರು. ಡಾಕ್ಟರು ತಮ್ಮ ಕೈಬರಹದಲ್ಲೇ ತಮ್ಮ ಕಾಯಿಲೆ ಓದಿಕೊಂಡರು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಕೈ ನಡುಗುವುದು ಎಲ್ಲರಿಗೂ ಗೊತ್ತು. ಅಕ್ಷರ ಕುಗ್ಗುವುದು, ದನಿ ತಗ್ಗುವುದು ಅಷ್ಟು ಗೊತ್ತಿರುವುದಿಲ್ಲ. ನರರೋಗ ತಜ್ಞರು ಅದನ್ನೇ ಖಚಿತ ಮಾಡಿದರು.

ಹಾಗಾಗಿ ಇರುವ ಕಾಲ ಕಡಿಮೆ. ಬರೆಯುವ ಕೈ ಕೈಕೊಡುತ್ತಿದೆ, ಹೇಳಿ ಬರೆಸೋಣ ಅಂದರೆ ದನಿ ತಗ್ಗುತ್ತಿದೆ. ಕ್ಯಾಸೆಟ್‌ಗಳಿಗೂ ವಯಸ್ಸಾಗಿದೆ. ಇಬ್ಬರು ಮಕ್ಕಳು ಹೊರಗೆ ಕೆಲಸದಲ್ಲಿದ್ದಾರೆ. ಅವರಿಗೆ ಬ್ಯಾರಿ ಅರ್ಥವಾಗುತ್ತದೆ, ಸರಾಗವಾಗಿ ಆಡಲು ಬರುವುದಿಲ್ಲ. ಮೊಮ್ಮಕ್ಕಳಿಗೆ ಅದೂ ಇಲ್ಲ.

ಮೊದಲು ಮಾಡಿ ನೋಡಿದ್ದು

ನಾನು ಬರುವ ಮೊದಲೇ ಡಾಕ್ಟರು ಮೂರು ದಾರಿ ಹಿಡಿದಿದ್ದರು.

ಮೊದಲನೆಯದು ಭಾನುವಾರದ ತರಗತಿ. ತುಮಕೂರಿನಲ್ಲಿ ಬೇಕರಿ, ಜ್ಯೂಸ್ ಅಂಗಡಿ, ಬಟ್ಟೆ ವ್ಯಾಪಾರ ಅಂತ ಬಂದು ನೆಲೆಸಿದ ಕೆಲವು ಬ್ಯಾರಿ ಕುಟುಂಬಗಳಿದ್ದವು. ತಿಪಟೂರಿನ ಕೊಬ್ಬರಿ ವಹಿವಾಟಿಗೆ ಬಂದುಹೋಗುವವರೂ ಇದ್ದರು. ಅವರ ಮಕ್ಕಳನ್ನು ಕ್ಲಿನಿಕ್ಕಿನ ಮಹಡಿಯಲ್ಲಿ ಕೂರಿಸಿ ಪಾಠ ಶುರು ಮಾಡಿದರು. ಬೋರ್ಡಿನ ಮೇಲೆ ಪದ, ಅರ್ಥ, ವಾಕ್ಯ. ಕೆಲವೇ ವಾರಗಳಲ್ಲಿ ನಿಂತುಹೋಯಿತು. ಮಕ್ಕಳಿಗೆ ಅದು ಇನ್ನೊಂದು ಟ್ಯೂಷನ್ ಆಗಿತ್ತು. ಒಬ್ಬ ತಾಯಿ ಡಾಕ್ಟರಿಗೆ ನೇರವಾಗಿ ಹೇಳಿದ ಮಾತು ಇದು: "ಇಲ್ಲಿ ಉರ್ದು ಬರದಿದ್ರೆ ಮಕ್ಕಳನ್ನ ಆಟಕ್ಕೂ ಸೇರಿಸಿಕೊಳ್ಳಲ್ಲ ಡಾಕ್ಟ್ರೇ. ಶಾಲೆಗೆ ಇಂಗ್ಲಿಷ್ ಬೇಕು. ಇದನ್ನ ಯಾವಾಗ ಮಾತಾಡ್ತಾರೆ?" ಆ ತಾಯಿಯನ್ನು ದೂರುವ ಹಾಗಿಲ್ಲ. ಮಗು ಯಾವ ಭಾಷೆಯಲ್ಲಿ ಗೆಳೆಯರನ್ನು ಮಾಡಿಕೊಳ್ಳುತ್ತದೋ ಅದನ್ನೇ ಕಲಿಯುತ್ತದೆ.

ಎರಡನೆಯದು ಪುಸ್ತಕ. ಡೈರಿಗಳನ್ನು ಒಂದು ಡಿಟಿಪಿ ಅಂಗಡಿಗೆ ಕೊಟ್ಟರು. ಟೈಪ್ ಮಾಡುವ ಹುಡುಗಿ ಒಳ್ಳೆಯ ಕನ್ನಡದವಳು. ಅದರಿಂದಲೇ ತೊಡಕಾಯಿತು. ಬ್ಯಾರಿ ಪದಗಳ ಕೊನೆಯಲ್ಲಿ ಪೂರ್ತಿ ಉಕಾರವೂ ಅಲ್ಲದ, ಬರೀ ವ್ಯಂಜನವೂ ಅಲ್ಲದ ಒಂದು ಸಣ್ಣ ಸ್ವರ ಇರುತ್ತದೆ. ತುಳುವಿನಲ್ಲೂ ಇದೆ. ಕನ್ನಡ ಲಿಪಿಯಲ್ಲಿ ಅದಕ್ಕೆ ಬೇರೆ ಅಕ್ಷರ ಇಲ್ಲ. ಡಾಕ್ಟರು ಒಂದು ಕಡೆ 'ನಕ್ಕ್' ಅಂತ ಬರೆದಿದ್ದರೆ ಇನ್ನೊಂದು ಕಡೆ 'ನಕ್ಕು'. ಹುಡುಗಿ ತಿಳಿದಷ್ಟು ತಿದ್ದಿದಳು. ಅದೆಲ್ಲ ಕನ್ನಡ ಪದಗಳಾಗಿಬಿಟ್ಟಿತು. ಕರಡಚ್ಚು ನೋಡಿ ಡಾಕ್ಟರು ಪುಸ್ತಕದ ಆಸೆ ಬಿಟ್ಟರು.

ಮೂರನೆಯದು ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಹಾಕಿಸಿದ್ದು. ಮದುವೆ ವಿಡಿಯೊ ಮಾಡುವ ಒಂದು ಸ್ಟುಡಿಯೊದವರು ಇಪ್ಪತ್ತು ಮೂವತ್ತು ಕ್ಯಾಸೆಟ್ ತೆಗೆದುಕೊಂಡು ಎಂಪಿ3 ಮಾಡಿ ಪೆನ್‌ಡ್ರೈವಿನಲ್ಲಿ ಕೊಟ್ಟರು. ಕೇಳಲು ಹಿತವಾಗಿತ್ತು. ಸದ್ದುಗದ್ದಲ ತೆಗೆದಿದ್ದರು. ಹಾಡಿನ ಮುಂದೆ ಹಿಂದೆ ಇದ್ದ ಮಾತುಕತೆಯನ್ನೂ ತೆಗೆದಿದ್ದರು! "ನೀನು ಎತ್ತು, ನನಗೆ ಉಸಿರು ಸಾಲುವುದಿಲ್ಲ" ಅಂತ ಒಬ್ಬರು ಇನ್ನೊಬ್ಬರಿಗೆ ಹೇಳುವುದು, ಇದನ್ನು ಯಾರಿಂದ ಕಲಿತದ್ದು ಅಂತ ನೆನೆಯುವುದು, ಯಾರೋ ಮಗುವನ್ನು ಗದರುವುದು, ಎಲ್ಲ ಹೋಗಿತ್ತು. ಹಾಡಿನಲ್ಲಿ ಹಳೆಯ ಪದ ಇರುತ್ತದೆ, ಹಾಡುವವರ ಮಾತಿನಲ್ಲಿ ಜೀವಂತ ಬ್ಯಾರಿ ಇರುತ್ತದೆ. ಅಂಗಡಿಯವರಿಗೆ ಅದು ಕಸ. ಡಾಕ್ಟರು ಒಂದು ಒಳ್ಳೆಯ ಕೆಲಸ ಮಾಡಿದ್ದರು: ಮೂಲ ಕ್ಯಾಸೆಟ್ ಒಂದನ್ನೂ ಬಿಸಾಡಿರಲಿಲ್ಲ.

ಇಷ್ಟಾದ ಮೇಲೂ ಅವರ ಮನಸ್ಸು ಹೊಸ ಸಂಗ್ರಹದ ಕಡೆಯೇ ಇತ್ತು. ಉಡುಪಿ ಕಡೆಯದು ಸರಿಯಾಗಿ ಸಿಕ್ಕಿಲ್ಲ, ಸುಳ್ಯದ ಕಡೆ ಮಾತು ಬೇರೆ, ಅಲ್ಲಿಗೆ ಒಂದು ಸಲ ಹೋಗಿ ಬರಬೇಕು ಅನ್ನುತ್ತಿದ್ದರು. ಮಗ ಕಾರು ಕೊಡಲು ತಯಾರಿದ್ದ. ನಾನು ಬೇಡ ಅಂದೆ. ಇನ್ನು ಒಂದು ಕ್ಯಾಸೆಟ್ಟೂ ಸೇರಬಾರದು, ಇರುವುದನ್ನು ಮಾತಾಡಿಸಬೇಕು ಅಂದೆ. ಅವರಿಗೆ ಬೇಜಾರಾಯಿತು. "ಎಂತ ಮಾರಾಯ್ರೆ, ಅಲ್ಲಿ ಮುದುಕರು ಒಬ್ಬೊಬ್ಬರಾಗಿ ಹೋಗ್ತಾ ಉಂಟು, ನೀವು ಬೇಡ ಅಂತೀರಲ್ಲ" ಅಂದರು. ನಲವತ್ತು ವರ್ಷ ತುಮಕೂರಿನಲ್ಲಿದ್ದರೂ ಅವರ ಕನ್ನಡ ಊರಿನದೇ. ಅವರ ಮಾತು ನಿಜವೇ. ಆದರೆ ಅಲ್ಲಿ ಹೋಗಿ ಹಾಡಿಸುವ ಕೆಲಸವನ್ನು ಕರಾವಳಿಯಲ್ಲಿ ಇರುವವರು ಮಾಡಬಲ್ಲರು. 'ಕೆಂಪು ಮನೆ' ಯಾವುದು ಅಂತ ಹೇಳುವುದು ಇವರೊಬ್ಬರಿಂದಲೇ ಸಾಧ್ಯ. ಕೊನೆಗೆ ಮಗ ನನ್ನ ಪರ ನಿಂತ. ಡಾಕ್ಟರು ಒಪ್ಪಿದರು, ಪೂರ್ತಿ ಮನಸ್ಸಿನಿಂದಲ್ಲ.

ಕೇಸ್ ಶೀಟ್

ಪ್ರತಿ ಹಾಡಿಗೂ ವಿವರ ಬರೆಯಬೇಕು ಅಂತ ನಾನು ಜಾನಪದದವರು ಬಳಸುವ ಒಂದು ನಮೂನೆ ತಂದಿದ್ದೆ. ವಕ್ತೃ, ಪ್ರಕಾರ, ಸಂದರ್ಭ, ಆಶಯ ಅಂತ ಕಾಲಂಗಳು. ಡಾಕ್ಟರು ಒಂದೆರಡು ತುಂಬಿಸಿ ಪಕ್ಕಕ್ಕಿಟ್ಟರು. ಆಮೇಲೆ ಮೇಜಿನ ಖಾನೆಯಿಂದ ತಮ್ಮ ಹಳೆಯ ಕೇಸ್ ಶೀಟಿನ ಕಟ್ಟು ತೆಗೆದರು. ಹೆಸರು, ವಯಸ್ಸು, ಊರು, ಏನು ತೊಂದರೆ, ಎಂದಿನಿಂದ, ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯಾ, ಮೊದಲು ಎಲ್ಲಿ ತೋರಿಸಿದ್ದರು. "ಇದರಲ್ಲೇ ಬರೀಬಹುದಲ್ಲ" ಅಂದರು.

ಬರೆಯಬಹುದಿತ್ತು. ನಮ್ಮ ಜಾನಪದ ನಮೂನೆಗಿಂತ ಅದು ವಾಸಿ. ಹಾಡಿದವರ ಹೆಸರು, ಆಗಿನ ವಯಸ್ಸು, ಊರು. ಯಾವ ಹಾಡು. ಎಂದಿನಿಂದ ಗೊತ್ತು. ಮನೆಯಲ್ಲಿ ಬೇರೆ ಯಾರು ಹಾಡುತ್ತಾರೆ. ಎಲ್ಲಿಂದ ಬಂತು. ನಲವತ್ತು ವರ್ಷ ದಿನಕ್ಕೆ ಐವತ್ತು ಸಲ ಕೇಳಿದ ಪ್ರಶ್ನೆಗಳವು. ಅವರ ತಲೆ ಆ ಕ್ರಮದಲ್ಲೇ ನೆನಪು ಮಾಡಿಕೊಳ್ಳುತ್ತಿತ್ತು. ಕ್ಯಾಸೆಟ್ ಹಾಕಿದ ತಕ್ಷಣ ಶೀಟಿನ ಮೇಲಿಂದ ಕೆಳಗೆ ಹೇಳುತ್ತಾ ಹೋಗುತ್ತಿದ್ದರು. 'ಮನೆಯಲ್ಲಿ ಬೇರೆ ಯಾರು' ಅನ್ನುವ ಸಾಲು ನಮ್ಮ ನಮೂನೆಯಲ್ಲಿ ಇರಲೇ ಇಲ್ಲ. ಹಾಡಿದವರು ತೀರಿಕೊಂಡಿದ್ದರೂ ಆ ಹಾಡು ಗೊತ್ತಿರುವ ಮಗಳೋ ಸೊಸೆಯೋ ಎಲ್ಲಿದ್ದಾರೆ ಅನ್ನುವುದು ಆ ಒಂದು ಸಾಲಿನಿಂದ ಸಿಕ್ಕಿತು.

ಕೆಲಸದ ಹೊತ್ತನ್ನು ಡಾಕ್ಟರೇ ಗೊತ್ತು ಮಾಡಿದರು. ಬೆಳಗಿನ ಮಾತ್ರೆ ತೆಗೆದುಕೊಂಡು ಮುಕ್ಕಾಲು ಗಂಟೆಯ ನಂತರ ಶುರು. ಮಾತ್ರೆಯ ಪರಿಣಾಮ ಇಳಿಯುವ ಮೊದಲು ಮುಗಿತಾಯ. ಆ ಹೊತ್ತಿನಲ್ಲಿ ದನಿ ಚೆನ್ನಾಗಿರುತ್ತಿತ್ತು, ಮುಖದಲ್ಲೂ ಗೆಲುವು ಇರುತ್ತಿತ್ತು. ಕೈ ಹಿಡಿತಕ್ಕೆ ಬಂದರೂ ಬರೆಯುವ ಕೆಲಸ ಅವರಿಗೆ ಕೊಡಲಿಲ್ಲ. ಹೇಳುವುದು ಮಾತ್ರ ಅವರ ಕೆಲಸ.

ಬರೆಯಲು ಬ್ಯಾರಿ ಬಲ್ಲವರು ಬೇಕಿತ್ತು. ಪುತ್ತೂರು ಕಡೆಯ ಒಬ್ಬ ಹುಡುಗ ಇಲ್ಲಿ ಬೇಕರಿಯಲ್ಲಿ ಕೆಲಸಕ್ಕಿದ್ದ. ಪಿಯುಸಿವರೆಗೆ ಕನ್ನಡ ಮಾಧ್ಯಮ. ಮೊಬೈಲಿನಲ್ಲಿ ಕನ್ನಡ ಟೈಪ್ ಮಾಡುವುದರಲ್ಲಿ ಚುರುಕು. ಬೇಕರಿಯಲ್ಲಿ ಮಧ್ಯಾಹ್ನದ ಪಾಳಿ ಕೇಳಿ ಪಡೆದು ಬೆಳಿಗ್ಗೆ ಇಲ್ಲಿಗೆ ಬರುತ್ತಿದ್ದ. ಗಂಟೆಗೆ ಇಷ್ಟು ಅಂತ ಸಂಬಳ ಗೊತ್ತು ಮಾಡಿದೆವು. ಭಾಷೆಯ ಮೇಲಿನ ಪ್ರೀತಿಗೆ ಸುಮ್ನೆ ಮಾಡು ಅಂತ ದುಡಿಯುವ ಹುಡುಗನಿಗೆ ಹೇಳಬಾರದು. ಸಂಬಳ ಇದ್ದದ್ದರಿಂದಲೇ ಅವನು ಕೊನೆಯವರೆಗೆ ಬಂದ, ಡಾಕ್ಟರ ಜೊತೆ ವಾದ ಮಾಡುವ ಧೈರ್ಯವೂ ಅವನಿಗೆ ಬಂತು. ಕಾಗುಣಿತದ ಜಗಳ ಮುಗಿಸಿದ್ದು ಅವನೇ. ಪದದ ಕೊನೆಯ ಸಣ್ಣ ಸ್ವರಕ್ಕೆ ಎಲ್ಲ ಕಡೆ 'ನಕ್ಕ್' ಅನ್ನುವ ಹಾಗೆ ಅರ್ಧಾಕ್ಷರ, ಡಾಕ್ಟರು ಮೂಲದಲ್ಲಿ ಬೇರೆ ಬರೆದಿದ್ದರೆ ಪಕ್ಕದಲ್ಲಿ ಅದೂ ಇರಲಿ. ಯಾವುದನ್ನೂ ಅಳಿಸುವುದಿಲ್ಲ.

ಕ್ಯಾಸೆಟ್‌ಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಲ್ಲೇ ಜಾಸ್ತಿ ಜನ ಕೈಸೋತು ಬಿಡುತ್ತಾರೆ. ದನಿ ಮಂಕಾಗಿ ಬಂದರೆ ಟೇಪು ಹಾಳಾಗಿದೆ ಅಂತ ತೀರ್ಮಾನಿಸಬೇಡಿ. ಕ್ಯಾಸೆಟ್ಟಿನ ಬಾಯಲ್ಲಿ, ಟೇಪಿನ ಹಿಂದೆ, ತೆಳುವಾದ ಲೋಹದ ಪಟ್ಟಿ ಇರುತ್ತದೆ. ಅದರ ಮೇಲೆ ತೊಗರಿಕಾಳಿನಷ್ಟು ಉಣ್ಣೆಯ ತುಂಡು ಅಂಟಿಸಿರುತ್ತಾರೆ. ಅದೇ ಟೇಪನ್ನು ಪ್ಲೇಯರಿನ ಹೆಡ್ಡಿಗೆ, ಅಂದರೆ ಟೇಪಿನಿಂದ ದನಿ ಓದುವ ಭಾಗಕ್ಕೆ, ಒತ್ತುವುದು. ಅಂಟು ಒಣಗಿ ಅದು ಬಿದ್ದುಹೋದರೆ ದನಿ ಎಲ್ಲೋ ಬಾವಿಯೊಳಗಿಂದ ಬಂದಂತೆ ಆಗುತ್ತದೆ. ಸ್ಕ್ರೂ ಇರುವ ಒಂದು ಖಾಲಿ ಕ್ಯಾಸೆಟ್ ಬಿಚ್ಚಿ, ಟೇಪಿನ ಸುರುಳಿಗಳನ್ನು ಅದರೊಳಗೆ ಕೂರಿಸಿದರೆ ಸಾಕು. ಹೀಗೆ ಎಷ್ಟೋ ಕ್ಯಾಸೆಟ್‌ಗಳಿಗೆ ದನಿ ಮರಳಿತು. ಬೂಸ್ಟು ಹಿಡಿದದ್ದನ್ನು ಮಾತ್ರ ಬೇರೆ ಇಟ್ಟೆವು, ಅದನ್ನು ಹಾಕಿದರೆ ಪ್ಲೇಯರಿನ ಹೆಡ್ಡಿಗೂ ಅಂಟುತ್ತದೆ. ಮೊದಲ ಕೆಲಸ ಅಂದರೆ ಎಲ್ಲ ಕ್ಯಾಸೆಟ್ಟಿನ ಮೇಲಂಚಿನ ಎರಡು ಪ್ಲಾಸ್ಟಿಕ್ ತುಂಡು ಮುರಿದದ್ದು. ಅದು ಮುರಿದರೆ ಅದರ ಮೇಲೆ ಮತ್ತೆ ರೆಕಾರ್ಡ್ ಆಗುವುದಿಲ್ಲ. ಹಿಂದೆ ಯಾವಾಗಲೋ ಮಕ್ಕಳು ಒಂದು ತೊಟ್ಟಿಲ ಹಾಡಿನ ಮೇಲೆ ಸಿನಿಮಾ ಹಾಡು ತುಂಬಿಸಿದ್ದರು.

ಈ ಸಲ ಏನನ್ನೂ ಕತ್ತರಿಸದೆ ಒಂದು ಬದಿ ಪೂರ್ತಿ ಓಡಿಸಿ 48 ಕಿಲೋಹರ್ಟ್ಸ್, 24 ಬಿಟ್ ವೇವ್ ಫೈಲ್ (ಎಂಪಿ3ಯ ಹಾಗೆ ದನಿಯನ್ನು ಕುಗ್ಗಿಸದ ಫೈಲ್) ಮಾಡಿದೆವು. 90 ನಿಮಿಷದ ಕ್ಯಾಸೆಟ್ಟಿಗೆ ಸುಮಾರು ಒಂದೂವರೆ ಜಿಬಿ ಆಗುತ್ತದೆ. ಇವತ್ತಿನ ಹಾರ್ಡ್‌ಡಿಸ್ಕಿಗೆ ಅದೇನೂ ಅಲ್ಲ. ಕೆಮ್ಮು, ಮಳೆ, ಕೋಳಿ, ಎಲ್ಲ ಇರಲಿ.

ಅಮ್ಮ

ಗಂಡಸರ ಹಾಡಿನ ಶೀಟ್‌ಗಳು ಬೇಗ ತುಂಬಿದವು. ಹೆಂಗಸರ ಹಾಡಿಗೆ ಬಂದಾಗ ಡಾಕ್ಟರು ತಡವರಿಸತೊಡಗಿದರು. ಎಷ್ಟೋ ಸಲ ಅವರು ಜಗಲಿಯಲ್ಲಿ ಕೂತು ರೆಕಾರ್ಡರನ್ನು ಒಳಗೆ ಕಳಿಸಿದ್ದರು. ಒಳಗೆ ಯಾರು ಹಾಡಿದರು ಅಂತ ಅವರಿಗೂ ಪೂರ್ತಿ ಗೊತ್ತಿರಲಿಲ್ಲ.

ರೆಕಾರ್ಡರನ್ನು ಒಳಗೆ ತೆಗೆದುಕೊಂಡು ಹೋಗಿ ಗುಂಡಿ ಒತ್ತಿದವರು ಅವರ ಮನೆಯಾಕೆ. ನಾವು ಎಲ್ಲರೂ ಅಮ್ಮ ಅಂತ ಕರೆಯುತ್ತಿದ್ದೆವು. ಅಷ್ಟು ದಿನ ಅವರು ಅಡುಗೆಮನೆಯಲ್ಲೇ ಇರುತ್ತಿದ್ದರು. ಅಂದು ಒಂದು ಒಪ್ಪನೆ ಹಾಡು ಓಡುತ್ತಿತ್ತು. ಡಾಕ್ಟರು ಒಬ್ಬರ ಹೆಸರು ಹೇಳಿದರು. ಅಮ್ಮ ಬಾಗಿಲಿಗೆ ಬಂದು ನಿಂತು, "ಅದು ಅವರಲ್ಲ. ಅವರ ನಾದಿನಿ. ಇವರು ಪಲ್ಲವಿಗೆ ಮಾತ್ರ ಸೇರ್ತಾರೆ, ಕೇಳಿ" ಅಂದರು. ಮುಂದಿನ ಸಾಲಿನಲ್ಲಿ ಹುಡುಗ ಬರೆದಿದ್ದ ಒಂದು ಪದವನ್ನೂ ತಿದ್ದಿದರು. ಅಂದಿನಿಂದ ಹೆಂಗಸರ ಕ್ಯಾಸೆಟ್‌ಗಳಿಗೆ ಅವರೇ ಕೂತರು. ಕೆಲಸ ಒಮ್ಮೆಲೇ ವೇಗ ಪಡೆಯಿತು.

ಅವರು ತಂದುಕೊಟ್ಟ ಇನ್ನೊಂದು ವಿಷಯ ಮುಖ್ಯವಾದದ್ದು. ಡಾಕ್ಟರು ಎಲ್ಲವನ್ನೂ ಬ್ಯಾರಿ ಹಾಡು ಅಂತ ಒಟ್ಟಿಗೆ ಇಟ್ಟಿದ್ದರು. ಅಮ್ಮ ಎರಡು ರಾಶಿ ಮಾಡಿಸಿದರು. ಪುಸ್ತಕ ನೋಡಿ ಹಾಡಿದ್ದು ಒಂದು, ಬಾಯಿಂದ ಬಾಯಿಗೆ ಬಂದದ್ದು ಇನ್ನೊಂದು. ಪುಸ್ತಕದ್ದು ಅರಬಿ-ಮಲಯಾಳದ ಮಾಪಿಳ್ಳೆ ಪಾಟ್ಟುಗಳು, ಅಂದರೆ ಮಲಬಾರಿನ ಮುಸ್ಲಿಮರ ಹಾಡುಗಳು. ಅವು ಕೇರಳದಲ್ಲೂ ಇವೆ, ಅಚ್ಚಾಗಿವೆ, ಅವು ಕಳೆದುಹೋಗುವ ಭಯ ಕಡಿಮೆ. ಮನೆಮಾತಿನಲ್ಲಿ ಕಟ್ಟಿದ, ಮದುಮಗಳ ಅತ್ತೆಯನ್ನು ಕೆಣಕುವ, ನೆಂಟರ ಹೆಸರು ಸೇರಿಸಿ ಆಗಿಂದಾಗ್ಗೆ ಹೆಣೆಯುವ ಹಾಡುಗಳು ಬೇರೆ ಎಲ್ಲೂ ಇಲ್ಲ. ಮೊದಲು ಯಾವುದನ್ನು ಉಳಿಸಬೇಕು ಅನ್ನುವುದು ಈ ವಿಂಗಡಣೆಯಿಂದ ನಿರ್ಧಾರವಾಯಿತು.

ಆಮೇಲೆ ಅನುಮತಿಯ ಮಾತು ಬಂತು. ಸಂಗ್ರಹದ ಒಂದು ಪ್ರತಿಯನ್ನು ಕರಾವಳಿಯಲ್ಲಿ ಈ ಭಾಷೆಯ ಅಧ್ಯಯನ ಮಾಡುವವರಿಗೆ ಕೊಡಬೇಕು ಅಂತ ಡಾಕ್ಟರ ಆಸೆ. ಮಗ ಯೂಟ್ಯೂಬಿಗೆ ಹಾಕೋಣ ಅಂದ. ಅಮ್ಮ ಒಪ್ಪಲಿಲ್ಲ. "ಅವರು ಹಾಡಿದ್ದು ಒಳಗೆ, ಹೆಂಗಸರ ಎದುರು. ಡಾಕ್ಟರು ಅಂತ ನಂಬಿ ಮಿಷನ್ ಒಳಗೆ ಬಿಟ್ಟರು. ಅವರಿಗೆ ಕೇಳದೆ ಹೊರಗೆ ಹಾಕ್ಲಿಕ್ಕಿಲ್ಲ." ಡಾಕ್ಟರು ವಾದಿಸಿದರು. ಹಾಡಿದ ಎಷ್ಟೋ ಜನ ತೀರಿಕೊಂಡಿದ್ದಾರೆ, ಭಾಷೆ ದೊಡ್ಡದಲ್ವಾ ಅಂದರು. ಅಮ್ಮ ಜಗ್ಗಲಿಲ್ಲ.

ಈ ವಿಷಯದಲ್ಲಿ ನನ್ನ ಅಭಿಪ್ರಾಯ ಅಮ್ಮನ ಕಡೆಗೇ ಇತ್ತು, ಈಗಲೂ ಇದೆ. ರೋಗಿ ಡಾಕ್ಟರಿಗೆ ಹೇಳಿದ್ದನ್ನು ಡಾಕ್ಟರು ಬೀದಿಯಲ್ಲಿ ಹೇಳುವುದಿಲ್ಲ. ಡಾಕ್ಟರಿಗೆ ಕೊನೆಗೆ ನಾಟಿದ್ದೂ ಅದೇ ಮಾತು. ಕೇಸ್ ಶೀಟಿನ ಕೆಳಗೆ ಇನ್ನೊಂದು ಸಾಲು ಸೇರಿಸಿದರು: ಯಾರನ್ನು ಕೇಳಿದ್ದು, ಏನು ಹೇಳಿದರು.

ಅಮ್ಮ ಒಂದೊಂದೇ ಮನೆಗೆ ಫೋನ್ ಮಾಡಿದರು. ಹಾಡಿದವರು ಇದ್ದರೆ ಅವರಿಗೆ, ಇಲ್ಲದಿದ್ದರೆ ಹೆಣ್ಣುಮಕ್ಕಳಿಗೆ. ತುಂಬ ಜನ ಸಂತೋಷದಿಂದ ಒಪ್ಪಿದರು. ಕೆಲವರು ಪದಗಳನ್ನು ಅಚ್ಚು ಹಾಕಿ, ದನಿ ಮಾತ್ರ ಬೇಡ ಅಂದರು. ತಾಯಿಯ ದನಿ ಇದೆ ಅಂತ ಗೊತ್ತೇ ಇರದಿದ್ದ ಒಬ್ಬ ಮಗಳು ಮೊದಲು ನನಗೆ ಕಳಿಸಿ, ಆಮೇಲೆ ಮಾತು ಅಂದಳು. ವಾಯ್ಸ್ ಮೆಸೇಜಿನಲ್ಲಿ ಕಳಿಸಿದೆವು. ಅವಳು ಅದೇ ಹಾಡಿನ ಬಿಟ್ಟುಹೋದ ಎರಡು ನುಡಿಗಳನ್ನು ಹಾಡಿ ವಾಪಸ್ ಕಳಿಸಿದಳು. ಹೀಗೆ ಶುರುವಾದದ್ದು ಹರಡಿತು. ಹೊಸ ಸಂಗ್ರಹ ಬೇಡ ಅಂತ ಹಟ ಹಿಡಿದಿದ್ದೆವು. ಡಾಕ್ಟರು ಘಟ್ಟ ಇಳಿಯದೆಯೇ ಸುಳ್ಯದ ಕಡೆಯ ಪಾಠಾಂತರ ಮೊಬೈಲಿಗೆ ಬಂತು.

ಒಂದು ಮನೆಯವರು ಕ್ಯಾಸೆಟ್ಟೇ ವಾಪಸ್ ಬೇಕು, ನಕಲೂ ಇಟ್ಟುಕೊಳ್ಳಬಾರದು ಅಂದರು. ಅದು ಸಂಗ್ರಹದ ಒಳ್ಳೆಯ ಕ್ಯಾಸೆಟ್‌ಗಳಲ್ಲಿ ಒಂದು. ಡಾಕ್ಟರು ಎರಡು ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ತಾವೇ ಫೈಲ್ ಅಳಿಸಲು ಹೇಳಿ, ಕ್ಯಾಸೆಟ್ಟನ್ನು ಬಟ್ಟೆಯಲ್ಲಿ ಸುತ್ತಿ ಊರಿಗೆ ಹೋಗುವವರ ಕೈಯಲ್ಲಿ ಕಳಿಸಿದರು. ಶೀಟ್ ಉಳಿದಿದೆ. ಅದರಲ್ಲಿ 'ಮನೆಯವರಿಗೆ ಹಿಂದಿರುಗಿಸಿದೆ' ಅಂತ ಇದೆ. ಆ ಸುದ್ದಿ ಊರಿನಲ್ಲಿ ಹರಡಿದ ಮೇಲೆ, ಉತ್ತರ ಕೊಡದೆ ಸುಮ್ಮನಿದ್ದ ಇನ್ನಷ್ಟು ಮನೆಯವರು ತಾವಾಗಿ ಫೋನ್ ಮಾಡಿ ಒಪ್ಪಿಗೆ ಕೊಟ್ಟರು. ಕೇಳಿದರೆ ವಾಪಸ್ ಕೊಡುತ್ತಾರೆ ಅಂತ ಗೊತ್ತಾದಾಗ ಜನ ಕೊಡಲು ಹಿಂಜರಿಯುವುದಿಲ್ಲ.

ಏನು ಉಳಿಯಿತು, ಏನು ಉಳಿಯಲಿಲ್ಲ

ಮೂರನೇ ಎರಡು ಪಾಲಿಗಿಂತ ಹೆಚ್ಚು ಹಾಡುಗಳಿಗೆ ಈಗ ಶೀಟ್ ಇದೆ. ಉಳಿದವುಗಳಲ್ಲಿ 'ಗೊತ್ತಿಲ್ಲ' ಅಂತ ಬರೆದಿದ್ದೇವೆ. ಊಹೆ ಮಾಡಿ ತುಂಬಿಸಬಾರದು ಅನ್ನುವುದರಲ್ಲಿ ಡಾಕ್ಟರು ಬಹಳ ಕಟ್ಟುನಿಟ್ಟು. ಡೈರಿಗಳ ಪದಪಟ್ಟಿ ಪೂರ್ತಿ ಯೂನಿಕೋಡಿಗೆ ಬಂದಿದೆ. ಕೊನೆಯ ಎರಡು ಡೈರಿಗಳಲ್ಲಿ ಓದಲಾಗದ್ದು ಡಾಕ್ಟರಿಗೂ ಓದಲಾಗಲಿಲ್ಲ. ಆ ಪುಟಗಳ ಫೋಟೊ ಮಾತ್ರ ಇದೆ. ಬೂಸ್ಟು ಹಿಡಿದ ಕ್ಯಾಸೆಟ್‌ಗಳಲ್ಲಿ ಕೆಲವು ಬಾಯಿ ಬಿಡಲೇ ಇಲ್ಲ.

ತುಮಕೂರಿನ ಮಕ್ಕಳು ಬ್ಯಾರಿ ಕಲಿತರಾ? ಇಲ್ಲ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಭಾನುವಾರದ ತರಗತಿ ಮತ್ತೆ ಶುರುವಾಗಿಲ್ಲ. ಡಾಕ್ಟರ ಮೊಮ್ಮಕ್ಕಳು ಉಮ್ಮ, ಉಪ್ಪ ಅನ್ನುತ್ತಾರೆ, ಪತ್ತಿರ್ (ಅಕ್ಕಿ ರೊಟ್ಟಿ) ಬೇಕು ಅನ್ನುತ್ತಾರೆ, ಒಂದಷ್ಟು ಹಾಡಿನ ಪಲ್ಲವಿ ಗುನುಗುತ್ತಾರೆ. ಅಷ್ಟೇ. ಭಾಷೆಯನ್ನು ಉಳಿಸುವ ಕೆಲಸ ಮತ್ತು ಭಾಷೆಯ ದಾಖಲೆಯನ್ನು ಉಳಿಸುವ ಕೆಲಸ ಬೇರೆ ಬೇರೆ. ಡಾಕ್ಟರು ಎರಡನ್ನೂ ಒಂದೇ ಅಂದುಕೊಂಡು ಬಹಳ ವರ್ಷ ಎರಡಕ್ಕೂ ಒದ್ದಾಡಿದರು. ಕರಾವಳಿಯಲ್ಲಿ ಬ್ಯಾರಿ ಆಡುವ ಮನೆಗಳು ಬೇಕಾದಷ್ಟಿವೆ, ಭಾಷೆ ಅಲ್ಲಿ ಬದುಕುತ್ತದೆ. ಘಟ್ಟದ ಮೇಲೆ ಒಬ್ಬಂಟಿಯಾಗಿರುವ ಮನೆಯೊಂದು ದಾಖಲೆಯನ್ನು ಚೆನ್ನಾಗಿ ಮಾಡಬಲ್ಲದು. ಈ ಬೇರ್ಪಡಿಕೆ ಮಾಡಿಕೊಂಡ ಮೇಲೆ ಡಾಕ್ಟರಿಗೂ ಮನಸ್ಸು ಹಗುರಾಯಿತು ಅಂತ ನನಗೆ ಅನ್ನಿಸುತ್ತದೆ.

ಇಂಥದ್ದೇ ಬೀರು ಮನೆಯಲ್ಲಿರುವವರಿಗೆ ನಾನು ಹೇಳುವುದು ಇಷ್ಟು. ಸಂಗ್ರಹ ಮಾಡಿದವರು ಮಾತಾಡುತ್ತಿರುವಾಗಲೇ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಶುರು ಮಾಡಿ. ಸ್ಕ್ಯಾನಿಂಗು, ಟೈಪಿಂಗು ಆಮೇಲೆ ಯಾರು ಬೇಕಾದರೂ ಮಾಡುತ್ತಾರೆ. ಯಾರು, ಎಲ್ಲಿ, ಯಾವಾಗ ಅನ್ನುವುದನ್ನು ಅವರ ಕಸುಬಿನ ಭಾಷೆಯಲ್ಲೇ ಕೇಳಿ. ಮೇಷ್ಟರಾಗಿದ್ದರೆ ಹಾಜರಿ ಪುಸ್ತಕದ ಹಾಗೆ, ವ್ಯಾಪಾರಿಯಾಗಿದ್ದರೆ ಖಾತೆ ಪುಸ್ತಕದ ಹಾಗೆ. ಅವರ ಮನೆಯವರನ್ನೂ ಮೊದಲ ದಿನವೇ ಕರೆದು ಕೂರಿಸಿ.

ಈಗ ಮೂರು ಪ್ರತಿಗಳಿವೆ. ಒಂದು ತುಮಕೂರಿನ ಮನೆಯಲ್ಲಿ, ಒಂದು ಮಗನ ಹತ್ತಿರ, ಒಪ್ಪಿಗೆ ಸಿಕ್ಕ ಭಾಗದ ಪ್ರತಿ ಕರಾವಳಿಯಲ್ಲಿ. ಹಾರ್ಡ್‌ಡಿಸ್ಕ್ ಕೆಲವು ವರ್ಷಕ್ಕೊಮ್ಮೆ ಬದಲಿಸುವ ಜವಾಬ್ದಾರಿಯನ್ನು ಡಾಕ್ಟರ ಅಣ್ಣನ ಮಗಳೊಬ್ಬಳು ಹೊತ್ತಿದ್ದಾಳೆ. ಬೇಕರಿಯ ಹುಡುಗ ಊರಿಗೆ ವಾಪಸ್ ಹೋಗಿ ಸ್ವಂತ ಅಂಗಡಿ ಹಾಕಿದ್ದಾನೆ. 'ಗೊತ್ತಿಲ್ಲ' ಅಂತ ಇರುವ ಹಾಡುಗಳ ತುಣುಕುಗಳನ್ನು ಅಮ್ಮ ಅವನಿಗೆ ಕಳಿಸುತ್ತಾರೆ. ಅವನು ಅಂಗಡಿಗೆ ಬರುವ ವಯಸ್ಸಾದವರಿಗೆ ಕೇಳಿಸುತ್ತಾನೆ. ಗಂಡಸರ ಹಾಡು ಮಾತ್ರ. ಹೆಂಗಸರದನ್ನು ಅವನ ತಾಯಿ ಮನೆಯಲ್ಲಿ ಕೇಳಿಸುತ್ತಾರೆ. ಹೋದ ತಿಂಗಳು ಎರಡು ಶೀಟ್ ತುಂಬಿದವು. ಇನ್ನೂ ಮೂರು ಮನೆಗಳಿಂದ ಅನುಮತಿಯ ಉತ್ತರ ಬರಬೇಕಿದೆ.